ಅಂಚಕ್ಕನ ಅಚ್ಚು

ಅಂಚಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಕೇಳಿದರೆ ಕಚೇರಿಯಲ್ಲಿ ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಹೆಸರಂತೂ ನಿಂತುಬಿಟ್ಟಿತು. ಹಾಳೆಯ ಅಂಚು ಕೂದಲೆಳೆಯಷ್ಟು ಆಚೀಚೆಯಾದರೂ ಅವಳಿಗೆ ಕಣ್ಣಲ್ಲಿ ಕಸ ಬಿದ್ದ ಹಾಗಾಗುತ್ತಿತ್ತು. ಮನೆಯಲ್ಲಿ ಗಂಡ ಕ್ಯಾಲೆಂಡರ್ ತೂಗುಹಾಕಿದರೂ ಅವಳು ಬಂದು ನೇರ ಮಾಡುವ ತನಕ ಅದು ತೂಗುಹಾಕಿದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಡ್ಡಹೆಸರು ಮೊದಲ ಸಲ ಅವಳ ಕಿವಿಗೆ ಬಿದ್ದ ದಿನ ಏನು ರಾದ್ಧಾಂತವಾಗುತ್ತದೋ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಅವಳು, "ಸರಿಯಾಗೇ ಇಟ್ಟಿದೀರಿ. ನನ್ನ ಬಿಟ್ರೆ ಇನ್ಯಾರಿಗೆ ಒಪ್ಪುತ್ತೆ ಆ ಹೆಸರು?" ಅಂದು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ವಿನಯ ಅವಳ ಜಾಯಮಾನವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ಕಚೇರಿಯ ಕೆಲಸ ಮಾನಕಗಳನ್ನು ಹೊರತರುವುದು. ಏಣಿಯ ಮೆಟ್ಟಿಲು ಎಷ್ಟು ಅಗಲವಿರಬೇಕು, ಪ್ಲಗ್ಗಿನ ಪಿನ್ನು ಎಷ್ಟು ದಪ್ಪವಿರಬೇಕು, ಲಿಫ್ಟಿನ ರೋಪಿನಲ್ಲಿ ಎಷ್ಟು ಎಳೆ ಹರಿದರೆ ಅದನ್ನು ಬಿಚ್ಚಿ ಎಸೆಯಬೇಕು, ಇಂಥವನ್ನೆಲ್ಲ ಆಯಾ ಕಸುಬು ಬಲ್ಲವರು ಒಂದು ಮೇಜಿನ ಸುತ್ತ ಕೂತು, ವರ್ಷಗಟ್ಟಲೆ ಜಗಳಾಡಿ, ಕೊನೆಗೊಂದು ದಿನ ಒಪ್ಪಿಕೊಳ್ಳುತ್ತಾರೆ. ಅವರ ಜಗಳ ಮುಗಿದಲ್ಲಿಗೆ ಅಂಚಕ್ಕನ ಕೆಲಸ ಶುರು. ಅವರು ಕಳಿಸುವ ಬರಹ ಹತ್ತಾರು ಕೈ ದಾಟಿ, ಒಂದು ಕಡೆ ದಪ್ಪಕ್ಷರ, ಇನ್ನೊಂದು ಕಡೆ ಓರೆಯಕ್ಷರವಾಗಿ, ಮದುವೆಮನೆಯ ಚಪ್ಪಲಿಗಳ ಹಾಗೆ ಚೆಲ್ಲಾಪಿಲ್ಲಿಯಾಗಿ ಬರುತ್ತಿತ್ತು. ಅದನ್ನು ಅವಳು ತನ್ನ ಟೆಂಪ್ಲೇಟಿಗೆ ಸುರಿಯುತ್ತಿದ್ದಳು. ಅದನ್ನವಳು ಟೆಂಪ್ಲೇಟ್ ಎಂದು ಕರೆದವಳಲ್ಲ. ಅಚ್ಚು ಎನ್ನುತ್ತಿದ್ದಳು. ಕಚೇರಿಗೆ ಸೇರಿದ ಹೊಸತರಲ್ಲಿ ಕಟ್ಟಲು ಶುರುಮಾಡಿ, ಶೀರ್ಷಿಕೆಗೆ ಇಷ್ಟು ಜಾಗ, ಕೋಷ್ಟಕಕ್ಕೆ ಇಂಥ ಗೆರೆ, ಅಡಿಟಿಪ್ಪಣಿಗೆ ಇಂಥ ಅಕ್ಷರ ಎಂದು ತಿದ್ದುತ್ತ ತೀಡುತ್ತ ಬಂದ ಅಚ್ಚು ಅದು. ಅದರೊಳಗಿಂದ ಹೊರಬಂದ ಪುಟವನ್ನು ದೂರದಿಂದ ನೋಡಿಯೇ ಜನ, ಇದು ಇವರ ಕಚೇರಿಯದು ಎನ್ನುತ್ತಿದ್ದರು.

ಅಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಮಾನಕದ ಒಂದೊಂದು ಕಲಮಿಗೂ ಒಂದು ಸಂಖ್ಯೆ ಇರುತ್ತದಲ್ಲ, ಆ ಸಂಖ್ಯೆ ಒಮ್ಮೆ ಕೊಟ್ಟರೆ ಕೊಟ್ಟ ಹಾಗೆ. ಕಲಮನ್ನೇ ತೆಗೆದುಹಾಕಿದರೂ ಸಂಖ್ಯೆ ಅಲ್ಲೇ ಇರಬೇಕು, ಅದರ ಮುಂದೆ 'ಹಿಂತೆಗೆದುಕೊಳ್ಳಲಾಗಿದೆ' ಎಂಬ ಒಂದು ಸಾಲು ಇರಬೇಕು. ಕಚೇರಿಯಲ್ಲಿ ಅದಕ್ಕೆ ಖಾಲಿ ಮನೆ ಅನ್ನುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಾಗಿಲ ಮೇಲಿನ ನಂಬರು ಕಿತ್ತು ಪಕ್ಕದ ಮನೆಗೆ ಹಚ್ಚುವ ಹಾಗಿಲ್ಲ. ಹಚ್ಚಿದರೆ ಊರಿನ ಟಪಾಲೆಲ್ಲ ತಪ್ಪು ಮನೆಗೆ ಹೋಗುತ್ತದೆ. ಲಿಫ್ಟಿನ ಮಾನಕದಲ್ಲಿ 7.3 ಅಂಥ ಖಾಲಿ ಮನೆ. ಅದರ ಮುಂದಿನ 7.4ರಲ್ಲಿ ರೋಪಿನ ಕೋಷ್ಟಕ. ಲಿಫ್ಟಿನ ಕಸುಬಿನವರಿಗೆ ಏಳು ಪಾಯಿಂಟ್ ನಾಲ್ಕು ಅಂದರೆ ಸಾಕು, ರೋಪು ಅನ್ನುವುದೂ ಬೇಕಿರಲಿಲ್ಲ.

ಅಂಥ ಕಸುಬಿನವರಲ್ಲಿ ಒಬ್ಬಳು ಅಂಚಕ್ಕನ ಮಗಳು. ಲಿಫ್ಟ್ ಮೆಕ್ಯಾನಿಕ್. ಓದಿ ಕುರ್ಚಿ ಮೇಲೆ ಕೂರುವ ಕೆಲಸ ಹಿಡಿ ಎಂದು ನೆಂಟರೆಲ್ಲ ತಲೆ ತಿಂದಾಗ ಅಂಚಕ್ಕ, "ನಾನು ಬರೆದ ಪುಟ ಹಿಡ್ಕೊಂಡು ಮೇಲೆ ಹತ್ತೋರು ನಮ್ಮ ಮನೇಲೂ ಒಬ್ರು ಇರ್ಲಿ ಬಿಡಿ" ಎಂದು ಅವರ ಬಾಯಿ ಮುಚ್ಚಿಸಿದ್ದಳು. ಬರೆದವಳು ತಾನಲ್ಲ, ಅಂದ ಮಾಡಿದವಳು ಮಾತ್ರ ಎಂಬ ವ್ಯತ್ಯಾಸವನ್ನು ಆ ಹೊತ್ತಿಗೆ ಪಕ್ಕಕ್ಕಿಟ್ಟಿದ್ದಳು. ಮಾನಕದ ಮೇಲೆ ಯಾರ ಹೆಸರೂ ಇರುವುದಿಲ್ಲ. ಹಾಗಿದ್ದರೂ ಮಗಳು ಜೊತೆಯವರಿಗೆ ಆ ಪುಟ ತೋರಿಸಿ "ಇದು ನಮ್ಮಮ್ಮ ಮಾಡಿದ್ದು" ಅನ್ನುತ್ತಾಳಂತೆ. ಮಗಳ ಗೆಳತಿಯೊಬ್ಬಳು ಈ ಮಾತನ್ನು ಬಂದು ಹೇಳಿದ ದಿನ ಅಂಚಕ್ಕ ಇಡೀ ಸಂಜೆ ಸುಮ್ಮಸುಮ್ಮನೆ ನಗುತ್ತಿದ್ದಳು. ಸಂಬಳ ಏರಿದಾಗಲೂ ಅವಳು ಹಾಗೆ ನಕ್ಕಿರಲಿಲ್ಲ.

ಹೀಗಿರುವಾಗ ನಿರ್ದೇಶಕಿ ಒಂದು ದಿನ ಎಲ್ಲರನ್ನೂ ಕೂರಿಸಿ, ಮಾನಕದ ಪುಟ ಕೂರಿಸಲು ಕಚೇರಿಗೆ ಹೊಸ ಸಾಧನ ಆರಿಸಬೇಕಾಗಿದೆ ಎಂದರು. ಬೇರೆ ಕಚೇರಿಗಳೆಲ್ಲ ಬದಲಾಗಿವೆ, ನಾವೊಬ್ಬರೇ ಹಳೆಯದಕ್ಕೆ ಜೋತುಬಿದ್ದಿದ್ದೇವೆ, ಹಳೆಯದೇ ಸರಿಯೆಂದಾದರೆ ಅದನ್ನೇ ಇಟ್ಟುಕೊಳ್ಳೋಣ, ಆದರೆ ತೂಗಿ ನೋಡಿಯೇ ಇಟ್ಟುಕೊಳ್ಳೋಣ. ಹಳೆಯದು ಅಂದರೆ ಅಂಚಕ್ಕನ ಅಚ್ಚು. ಅದು ಹೋದರೆ ಉಳಿಯುವುದು ಕುರ್ಚಿ, ಅಡ್ಡಹೆಸರು ಮತ್ತು ಸಂಬಳ. ಮಗಳು ಜೊತೆಯವರಿಗೆ ತೋರಿಸುವುದಕ್ಕೆ ಇವು ಯಾವುವೂ ಆಗಿಬರುವುದಿಲ್ಲ.

ಮುಖದಲ್ಲಿ ಮಾತ್ರ ಏನೂ ತೋರಿಸದೆ, "ತೂಗಿ ನೋಡಿ ಮೇಡಂ. ತಕ್ಕಡಿ ನಾನು ಕೊಡ್ತೀನಿ" ಅಂದಳು. ಯಾವ ಸಾಧನವಾದರೂ ಸರಿ, ಎಲ್ಲವೂ ಒಂದೇ ಕೋಷ್ಟಕವನ್ನು ಕೂರಿಸಿ ತೋರಿಸಲಿ ಎಂದಳು. ಯಾವ ಕೋಷ್ಟಕ? ಲಿಫ್ಟಿನ ರೋಪಿನದು. ಉದ್ದಕ್ಕೂ ಅಗಲಕ್ಕೂ ಕೈಕಾಲು ಚಾಚಿ ಮಲಗಿದ, ಹಾಳೆಯನ್ನು ಅಡ್ಡ ತಿರುಗಿಸದೆ ಹಿಡಿಸದ ಕೋಷ್ಟಕ. ಅದನ್ನು ಪಳಗಿಸಲು ತಾನು ಪಟ್ಟ ಪಾಡು ಅವಳಿಗೆ ಗೊತ್ತಿತ್ತು. ಬೇರೆಯವರು ಅದರ ಮುಂದೆ ಬೆವರಿಳಿಸಲಿ ಎಂಬುದೇ ಅವಳ ಲೆಕ್ಕಾಚಾರ.

ಅವಳ ಎದುರಾಳಿಗಳು ಇಬ್ಬರು. ಒಂದು, ದೊಡ್ಡ ಸಾಫ್ಟ್‌ವೇರ್ ಮಾರುವ ಕಂಪನಿಯ ಕೋಟಿನವರು. ಇನ್ನೊಂದು, ಕಚೇರಿಯಲ್ಲೇ ಕಂಪ್ಯೂಟರ್ ನೋಡಿಕೊಳ್ಳುವ ಹ್ಯಾಶಪ್ಪ. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಮೀಸಲು. ಅವನ ಪಂಥವೇ ಬೇರೆ. ಅಂದಚಂದ ಏನೂ ಇಲ್ಲದ ಬರಿ ಬರಹ ಬರೆಯಬೇಕು, ಶೀರ್ಷಿಕೆಯಾದರೆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು (#), ಉಪಶೀರ್ಷಿಕೆಯಾದರೆ ಎರಡು. ಉಳಿದದ್ದನ್ನು ಸಾಧನವೇ ನೋಡಿಕೊಳ್ಳುತ್ತದೆ, ಹಾಳೆಗೆ ಬೇಕಾದರೆ ಹಾಳೆ, ಫೋನಿಗೆ ಬೇಕಾದರೆ ಫೋನು.

"ಗುರುತು ಹಾಕಿ ಸುಮ್ನೆ ಕೂರೋದಾದ್ರೆ ಅಂಚು ಯಾರು ನೋಡ್ತಾರಪ್ಪಾ?" ಎಂದು ಅಂಚಕ್ಕ ಕೇಳಿದಳು.

"ಅಂಚೇ ಇರಲ್ಲ ಅಕ್ಕ," ಎಂದ ಹ್ಯಾಶಪ್ಪ, ಪಾಪ, ಸಮಾಧಾನ ಹೇಳುವ ದನಿಯಲ್ಲಿ.

ಅಂಚಕ್ಕ ಮೂಗು ಮುರಿದು ಎದ್ದುಹೋದಳು.

ಪರೀಕ್ಷೆಯ ದಿನ ಕಚೇರಿಯ ಲಿಫ್ಟೇ ಕೆಟ್ಟು ಕೂತಿತು. ಲಿಫ್ಟಿಗೆ ನೀತಿ ಹೇಳುವ ಕಚೇರಿಯ ಲಿಫ್ಟು! ಕೋಟಿನವರು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಕೋಟು ತೋಳಿನ ಮೇಲೆ, ಟೈ ಜೇಬಿನಲ್ಲಿ. ಅವರ ಸಾಫ್ಟ್‌ವೇರ್ ಕೋಷ್ಟಕವನ್ನು ಚೆನ್ನಾಗಿಯೇ ಕೂರಿಸಿತು, ಸುಳ್ಳು ಹೇಳಬಾರದು. ಆದರೆ ಒಂದು ಗೆರೆ ದಪ್ಪ ಮಾಡಿ ಎಂದು ನಿರ್ದೇಶಕಿ ಕೇಳಿದಾಗ, ಅದಕ್ಕೆ ನಮ್ಮ ಕಂಪನಿಗೆ ಬರೆದು ಕಳಿಸಬೇಕು ಎಂದರು. ಅಲ್ಲಿಗೆ ಅವರ ಕಥೆ ಮುಗಿಯಿತು. ಹ್ಯಾಶಪ್ಪನ ಸಾಧನ ಹಾಳೆಯ ಮೇಲೆ ಕೋಷ್ಟಕವನ್ನು ನಡುವೆ ಮುರಿದು ಅರ್ಧ ಈ ಪುಟಕ್ಕೆ, ಅರ್ಧ ಆ ಪುಟಕ್ಕೆ ಹಾಕಿತು. ಅಂಚಕ್ಕನ ಅಚ್ಚಿನಿಂದ ಬಂದ ಹಾಳೆಯನ್ನು ಆಯ್ಕೆಗೆಂದು ಕೂತಿದ್ದ ಸಮಿತಿಯವರು ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದರು. ಒಬ್ಬ ಹಿರಿಯ ಎಂಜಿನಿಯರ್, "ಕಟ್ಟು ಹಾಕಿಸಿ ಗೋಡೆಗೆ ತೂಗಬಹುದು ಕಣಮ್ಮ" ಎಂದರು. ನಾಳೆ ತೀರ್ಮಾನ ಹೇಳುತ್ತೇವೆ, ನಿಮ್ಮ ಮಾತನ್ನು ಮೀರಿ ಏನೂ ಮಾಡುವುದಿಲ್ಲ ಎಂದು ನಿರ್ದೇಶಕಿ ಅಂಚಕ್ಕನಿಗೆ ಭರವಸೆ ಕೊಟ್ಟರು. ಅಂಚಕ್ಕ ಗೆದ್ದಾಗಿತ್ತು.

ಅಷ್ಟರಲ್ಲಿ ಲಿಫ್ಟ್ ನೋಡಲು ಮೆಕ್ಯಾನಿಕ್ ಬಂದಿದ್ದಾರೆ ಎಂದರು. ಬಂದವಳು ಅವಳ ಮಗಳೇ.

ಮಗಳು ಕೆಲಸ ಮಾಡುವುದನ್ನು ಅಂಚಕ್ಕ ಕಣ್ಣಾರೆ ಕಂಡವಳಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಅವಳ ಹಿಂದೆಯೇ ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಮೆಷಿನ್ ರೂಮಿಗೆ ಹೋದಳು. ಗ್ರೀಸಿನ ವಾಸನೆಯ ಚಿಕ್ಕ ಕೋಣೆ, ನಡುವೆ ಮೋಟಾರು, ದೊಡ್ಡ ಗಾಲಿಯ ಮೇಲಿಂದ ಕೆಳಗಿಳಿಯುವ ಉಕ್ಕಿನ ರೋಪುಗಳು. ಮಗಳು ಕರೆಂಟು ಬಂದ್ ಮಾಡಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಟಾರ್ಚ್ ಹಿಡಿದು ರೋಪಿನ ಮೇಲೆ ಕಣ್ಣು ಓಡಿಸುತ್ತ ಹೋದಳು. ಮನೆಯಲ್ಲಿ ಸಾಕ್ಸು ಎಲ್ಲಿದೆ ಎಂದು ಊರೆಲ್ಲ ಕೂಗುವ ಹುಡುಗಿಯೇ ಇವಳು ಎಂದು ತಾಯಿಗೆ ಅಚ್ಚರಿಯೂ ಹೆಮ್ಮೆಯೂ ಆಯಿತು.

"ಎಳೆ ತುಂಡಾಗಿದೆ ಇಲ್ಲಿ," ಎಂದಳು ಮಗಳು. "ಎಷ್ಟರ ತನಕ ನಡೆಯುತ್ತೆ ಅಂತ ನೋಡ್ಬೇಕು." ಕೈ ಒರೆಸಿಕೊಂಡು ಫೋನ್ ತೆಗೆದಳು.

"ಗೊತ್ತಿಲ್ವಾ ನಿಂಗೆ?"

"ಗೊತ್ತು. ಆದ್ರೂ ನೋಡ್ಬೇಕು. ನೆನಪಿನ ಮೇಲೆ ರೋಪಿಗೆ ಸೈ ಅನ್ನೋಕಾಗಲ್ಲಮ್ಮ."

ಫೋನಿನಲ್ಲಿ ತೆರೆದುಕೊಂಡದ್ದು ಅಂಚಕ್ಕನ ಪುಟ. ಕಟ್ಟು ಹಾಕಿಸಿ ತೂಗಬಹುದಾದ ಪುಟ. ಅದು ಆ ಅಂಗೈಯಗಲದ ಗಾಜಿನಲ್ಲಿ ಅಡ್ಡಕ್ಕೆ ಮಲಗಿ ಇರುವೆ ಸಾಲಿನ ಹಾಗೆ ಕಂಡಿತು. ಮಗಳು ಫೋನ್ ತಿರುಗಿಸಿದಳು, ಅದೂ ತಿರುಗಿತು. ಎರಡು ಬೆರಳಿನಿಂದ ಹಿಗ್ಗಿಸಿದಳು. ಸಾಲು ಹುಡುಕಲು ಕೆಳಗೆ ಎಳೆದಾಗ ಮೇಲಿನ ಶೀರ್ಷಿಕೆ ಕಣ್ಮರೆಯಾಯಿತು. ಎಳೆಗಳು ಅಲ್ಲಲ್ಲಿ ಹರಿದಿದ್ದರೆ ಒಂದು ಅಂಕಿ, ಒಂದೇ ಕಡೆ ಹರಿದಿದ್ದರೆ ಇನ್ನೊಂದು ಅಂಕಿ. ಯಾವ ಅಂಕಿ ಯಾವುದರದು? ಮಗಳು ಮೇಲೆ ಹೋಗಿ ಶೀರ್ಷಿಕೆಯನ್ನು ಬಾಯಲ್ಲಿ ಹೇಳಿಕೊಂಡು, ಹೆಬ್ಬೆರಳನ್ನು ಗಾಜಿನ ಅಂಚಿಗೆ ಒತ್ತಿ ಹಿಡಿದು, ಉಸಿರು ಕಟ್ಟಿ ಕೆಳಗಿಳಿದಳು. ಒಮ್ಮೆ ಬೆರಳು ಜಾರಿತು. ಮತ್ತೆ ಮೊದಲಿನಿಂದ ಶುರು.

ಅಂಚಕ್ಕ ಮಗಳ ಭುಜದ ಮೇಲಿಂದ ಫೋನಿನತ್ತ ಬಗ್ಗಿದಳು. "ಯಾವಾಗ್ಲೂ ಹೀಗೇನಾ?"

"ಹೂಂ, ಅಭ್ಯಾಸ ಆಗಿದೆ ಬಿಡು."

"ಜೊತೆಯವರು?"

"ಅವರು ನೆನಪಿನ ಮೇಲೇ ನೋಡ್ಬಿಡ್ತಾರೆ. ಅದಕ್ಕೆ ನಾನು ಬೈತಿರ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಮ್ಮ? ಆ ಪುಟ ಆದ ದಿನ ನೀನು ಮನೆಗೆ ತಂದು, ಕೈ ತೊಳ್ಕೊಂಡು ಮುಟ್ಟಿ ಅಂದಿದ್ದೆ."

ಅಂಚಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೈ ತೊಳೆದುಕೊಂಡು ಮುಟ್ಟಬೇಕಾದ ಪುಟವನ್ನು ಅವಳು ಕಟ್ಟಿದ್ದು ಗ್ರೀಸ್ ಮೆತ್ತಿದ ಕೈಗಳಿಗಾಗಿ. ಅವಳು ತನ್ನ ಫೋನ್ ತೆಗೆದು ಹ್ಯಾಶಪ್ಪನಿಗೆ ಹಚ್ಚಿದಳು. "ಏನಪ್ಪಾ, ಫೋನಿಗೂ ಆಗುತ್ತೆ ಅಂತಿದ್ಯಲ್ಲ, ನಿನ್ನ ಕೋಷ್ಟಕ ತಗೊಂಡು ಮೇಲೆ ಬಾ."

ಹ್ಯಾಶಪ್ಪ ಉಸ್ಸಪ್ಪಾ ಎನ್ನುತ್ತ ಬಂದ. ಅವನು ಕಳಿಸಿದ ಕೊಂಡಿಯನ್ನು ಮಗಳು ಒತ್ತಿದಳು. ಅಡ್ಡಕ್ಕೆ ಏನೂ ಇರಲಿಲ್ಲ. ಒಂದೊಂದು ಅಳತೆಯ ರೋಪಿಗೂ ಒಂದು ಪುಟ್ಟ ಚೌಕ, ಚೌಕದೊಳಗೆ ಪ್ರತಿ ಅಂಕಿಯ ಪಕ್ಕದಲ್ಲೇ ಅದು ಯಾವುದರ ಅಂಕಿ ಎಂಬ ಶೀರ್ಷಿಕೆ. ಬೆರಳೊಂದರಲ್ಲಿ ಜಾರಿಸಿದರೆ ಸಾಕು, ಶೀರ್ಷಿಕೆ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

"ಅಯ್ಯೋ, ಇದು ಚೆನ್ನಾಗಿದೆ!" ಎಂದು ಮಗಳ ಬಾಯಿಂದ ಹೊರಬಿದ್ದುಬಿಟ್ಟಿತು. ಕೂಡಲೇ ತಾಯಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಮರುಕ್ಷಣ ಅವಳ ಹುಬ್ಬು ಗಂಟಿಕ್ಕಿತು. "ಆದ್ರೆ ಇದು ಏಳು ಪಾಯಿಂಟ್ ಮೂರು ಅಂತ ತೋರಿಸ್ತಿದೆ. ರೋಪು ಇರೋದು ಏಳು ಪಾಯಿಂಟ್ ನಾಲ್ಕರಲ್ಲಿ. ಇಲ್ಲಿ ನಾಲ್ಕು ಒತ್ತಿದ್ರೆ ಬ್ರೇಕು ಬರ್ತಿದೆ."

ಹ್ಯಾಶಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಲ್ಲೊಂದು ಖಾಲಿ ಸಾಲಿತ್ತು, ಯಾರೋ ಮರೆತು ಬಿಟ್ಟಿದಾರೆ ಅಂತ ಅಳಿಸಿದೆ. ಸಂಖ್ಯೆನ ಸಾಧನವೇ ಹಾಕ್ಕೊಳ್ಳುತ್ತೆ ಅಕ್ಕ, ತಾನಾಗೇ ಸರಿದುಬಿಟ್ಟಿದೆ."

ಖಾಲಿ ಮನೆ! ಎಷ್ಟೋ ಕಂಪನಿಗಳ ಕಾಗದಗಳಲ್ಲಿ, ಪಾಠಗಳಲ್ಲಿ, ಮೆಷಿನ್ ರೂಮುಗಳ ಗೋಡೆಗಳ ಮೇಲೆ '7.4 ನೋಡಿ' ಎಂದು ಬರೆದಿದೆ. ಅದನ್ನು ಓದಿದವರೆಲ್ಲ ಹೋಗಿ ಬ್ರೇಕಿನ ಬಾಗಿಲು ತಟ್ಟುತ್ತಿದ್ದರು. ಅಂಚಕ್ಕನಿಗೆ ಒಳಗೊಳಗೇ ಒಂದು ಕ್ಷಣ ಹಾಲು ಕುಡಿದಷ್ಟು ಸಂತೋಷವಾಯಿತು. ನಾಳೆ ಸಮಿತಿಯಲ್ಲಿ ಈ ಒಂದು ಮಾತು ಹೇಳಿದರೆ ಸಾಕಿತ್ತು. ಹ್ಯಾಶಪ್ಪನ ಸಾಧನದ ಸುದ್ದಿಯನ್ನು ಇನ್ನು ಯಾರೂ ಎತ್ತುತ್ತಿರಲಿಲ್ಲ. ಅಚ್ಚು ಉಳಿಯುತ್ತಿತ್ತು. ಮಗಳೂ ಹೆಬ್ಬೆರಳು ಒತ್ತಿ ಹಿಡಿದು, ಉಸಿರು ಕಟ್ಟಿ, ಹೀಗೇ ನೋಡುತ್ತಿರುತ್ತಿದ್ದಳು.

ಮಗಳು ಆಗಲೇ ರೋಪಿನ ಕಡೆ ತಿರುಗಿ, ಹಳೆಯ ಪುಟದಲ್ಲೇ ಹುಡುಕಲು ಮತ್ತೆ ಶುರುಮಾಡಿದ್ದಳು.

"ಬಾ ಇಲ್ಲಿ," ಎಂದು ಅಂಚಕ್ಕ ಹ್ಯಾಶಪ್ಪನ ತೋಳು ಹಿಡಿದಳು. "ನಿನ್ನ ಸಾಧನಕ್ಕೆ ಖಾಲಿ ಮನೆ ಅಂದ್ರೇನು ಅಂತ ಹೇಳ್ಕೊಡೋಕಾಗುತ್ತಾ?"

"ಆಗುತ್ತೆ ಅಕ್ಕ. ಸಂಖ್ಯೆ ಕೈಯಲ್ಲೇ ಬರೆದು ಬೀಗ ಹಾಕಬಹುದು. ಯಾರಾದ್ರೂ ಅಳಿಸಿದ್ರೆ ಪುಟ ಹೊರಗೇ ಬರದ ಹಾಗೂ ಮಾಡಬಹುದು."

"ಹಾಗಾದ್ರೆ ಅದರದ್ದೇನೂ ತಪ್ಪಿಲ್ಲ, ತಪ್ಪು ನಿಂದು. ನಡಿ, ನಾನು ಹೇಳ್ತಾ ಹೋಗ್ತೀನಿ, ನೀನು ಹ್ಯಾಶ್ ಹಾಕ್ತಾ ಹೋಗು."

ಮರುದಿನ ಸಮಿತಿ ಸೇರಿದಾಗ ಅಂಚಕ್ಕ ಹಾಳೆ ಹಂಚಲಿಲ್ಲ. ಫೋನ್ ತೆಗೆಯಿರಿ ಎಂದಳು. ತನ್ನ ಅಚ್ಚಿನ ಪುಟವನ್ನು ತೆರೆಸಿ, ನಿರ್ದೇಶಕಿಗೆ, "ಮೇಡಂ, ನಮ್ಮ ಲಿಫ್ಟಿನ ರೋಪಲ್ಲಿ ಎಳೆಗಳು ಒಂದೇ ಕಡೆ ಹರಿದಿದ್ರೆ ಎಷ್ಟರ ತನಕ ನಡೆಯುತ್ತೆ, ಓದಿ ಹೇಳಿ" ಎಂದಳು. ನಿರ್ದೇಶಕಿ ಕನ್ನಡಕ ಏರಿಸಿ, ಹಿಗ್ಗಿಸಿ, ಎಳೆದು, ಒಂದು ಅಂಕಿ ಓದಿದರು.

"ಅದು ಅಲ್ಲಲ್ಲಿ ಹರಿದಾಗಿನ ಅಂಕಿ ಮೇಡಂ. ಆ ಅಂಕಿ ನಂಬಿದ್ರೆ ನಾವೆಲ್ಲ ಇವತ್ತು ಬಿಚ್ಚಿ ಎಸೀಬೇಕಾದ ರೋಪಿಗೆ ಜೋತುಬಿದ್ದು ಮೇಲೆ ಬರ್ತಿದ್ವಿ."

ನಿರ್ದೇಶಕಿಯ ಮುಖ ಕೆಂಪಾಯಿತು. "ನನ್ನ ಕಣ್ಣು..." ಎಂದು ಶುರುಮಾಡಿದರು.

"ನಿಮ್ಮ ಕಣ್ಣು ಚೆನ್ನಾಗಿದೆ. ಪುಟ ಸರಿಯಿಲ್ಲ. ಹಾಳೆಗೆ ಇದರಂಥದ್ದನ್ನ ಇನ್ನೊಬ್ಬರು ಮಾಡೋಕಾಗಲ್ಲ, ಆ ಮಾತು ನಾನು ಯಾರಿಗೂ ಬಿಟ್ಟುಕೊಡಲ್ಲ. ಆದ್ರೆ ಇದನ್ನ ಓದೋರು ಈಗ ಹಾಳೆ ಮುಂದೆ ಕೂರಲ್ಲ, ತಾರಸಿ ಮೇಲೆ ನಿಂತಿರ್ತಾರೆ." ಎಂದು ಹೇಳಿ ಅವಳು ಹ್ಯಾಶಪ್ಪನ ಜೊತೆ ಕೂತು ತಿದ್ದಿದ ಪುಟದ ಕೊಂಡಿಯನ್ನು ಕಳಿಸಿದಳು. ಈ ಸಲ ಓದಿದವರು ಯಾರೂ ತಪ್ಪಲಿಲ್ಲ. ಹಾಳೆ ಬೇಕೆನ್ನುವವರಿಗೆ ಕೋಷ್ಟಕ ಮುರಿಯದ ಹಾಗೆ ಕೂರಿಸಲು ಹ್ಯಾಶಪ್ಪನ ಬೆನ್ನು ಹತ್ತುತ್ತೇನೆ ಎಂದಳು. ಒಂದೇ ಒಂದು ಕರಾರು: ಸಾಧನ ಯಾವುದೇ ಇರಲಿ, ಖಾಲಿ ಮನೆ ಮುಚ್ಚುವ ಹಾಗಿಲ್ಲ. ಸಮಿತಿ ಸಾಧನಕ್ಕೂ ಕರಾರಿಗೂ ಒಪ್ಪಿತು.

ಕಚೇರಿಯ ಒಳಗಿನ ಕೈಪಿಡಿಗೂ ಕಲಮುಗಳಿದ್ದವು. ಅದರ ಐದನೆಯದು ಅಂಚಕ್ಕನ ಅಚ್ಚು, ಎಲ್ಲ ಮಾನಕಗಳೂ ಇದರಲ್ಲೇ ಬರತಕ್ಕದ್ದು ಎಂದು. ಅದನ್ನು ತೆಗೆಯುವ ಕೆಲಸವನ್ನು ಹ್ಯಾಶಪ್ಪನಿಗೆ ಹೇಳಲು ನಿರ್ದೇಶಕಿಗೂ ಬಾಯಿ ಬರಲಿಲ್ಲ, ಮಾಡಲು ಅವನಿಗೂ ಕೈ ಬರಲಿಲ್ಲ. ಅಂಚಕ್ಕನೇ ಕೂತು, ಇದ್ದದ್ದನ್ನು ಅಳಿಸಿ, '5. ಹಿಂತೆಗೆದುಕೊಳ್ಳಲಾಗಿದೆ' ಎಂದು ಹೊಡೆದಳು. ಕಣ್ಣು ಮಂಜಾದದ್ದು ನಿಜ. ಆದರೂ ಆ ಐದನ್ನು ನೋಡನೋಡುತ್ತ ಅವಳ ಬೆನ್ನು ನೆಟ್ಟಗಾಯಿತು. ಕೈಪಿಡಿ ಇರುವ ತನಕ ಆ ನಂಬರು ಇನ್ನೊಬ್ಬರಿಗೆ ಸಿಗುವುದಿಲ್ಲ. ಹಾಗೆಂದು ಕರಾರು ಹಾಕಿದವಳೂ ತಾನೇ.

ಒಂದೇ ಒಂದು ಮಾತು ಮನಸ್ಸಿನಲ್ಲಿ ಉಳಿದಿತ್ತು. ಊಟಕ್ಕೆ ಕೂತಾಗ ಕೇಳಬೇಕೆಂದುಕೊಳ್ಳುವಳು, ಕೇಳುತ್ತಿರಲಿಲ್ಲ. ಇನ್ನು ಮಗಳು ಜೊತೆಯವರಿಗೆ ಏನೆಂದು ತೋರಿಸುತ್ತಾಳೆ? ಪುಟವೇ ಇಲ್ಲ, ಅಂಚೂ ಇಲ್ಲ, ಸಾಧನ ಹ್ಯಾಶಪ್ಪನದು. ಗಂಡನಿಗೆ ಮಾತ್ರ ಒಮ್ಮೆ ಹೇಳಿಕೊಂಡಳು. ಅವನು ಓರೆಯಾದ ಕ್ಯಾಲೆಂಡರನ್ನು ತಾನೇ ಎದ್ದು ನೇರ ಮಾಡಿ ಬಂದ. ಅವನ ಸಮಾಧಾನದ ರೀತಿ ಅದು.

ಲಿಫ್ಟಿನ ಹೊಸ ಮಾನಕ ಹೊರಬಂದ ವಾರ ಮಧ್ಯಾಹ್ನ ಮಗಳ ಫೋನ್ ಬಂತು. ಯಾವುದೋ ಮೆಷಿನ್ ರೂಮಿನಿಂದ. ಹಿಂದೆ ಯಾರೋ ಸುತ್ತಿಗೆ ಬಡಿಯುತ್ತಿದ್ದರು.

"ಅಮ್ಮಾ, ಏಳು ಪಾಯಿಂಟ್ ನಾಲ್ಕು ಒತ್ತಿದೆ. ರೋಪೇ ಬಂತು."

"ಶೀರ್ಷಿಕೆ ಕಾಣುತ್ತಾ?"

"ಕಾಣುತ್ತೆ. ಒಂದು ಕೈ ಸಾಕು. ಇಲ್ಲಿ ನಮ್ಮ ಮೇಸ್ತ್ರಿಗೂ ತೋರಿಸ್ದೆ, ನೆನಪಿನ ಮೇಲೇ ನೋಡ್ತಿದ್ರಲ್ಲ, ಅವರಿಗೆ."

ಸುತ್ತಿಗೆ ನಿಂತಿತು. ಒಬ್ಬ ವಯಸ್ಸಾದವರ ದನಿ, ಫೋನಿನಿಂದ ಸ್ವಲ್ಪ ದೂರದಲ್ಲಿ: "ಇದೇನಮ್ಮ, ಇಷ್ಟು ಸಲೀಸಾಗಿದೆ. ಇದೂ ನಿಮ್ಮಮ್ಮನೇ ಮಾಡಿದ್ದಾ?"

ಅಂಚಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಇಲ್ಲ, ಮಾಡಿದ್ದು ಬೇರೆಯವರು," ಎಂದಳು ಮಗಳು. ಅವಳ ದನಿ ಆ ಚಿಕ್ಕ ಕೋಣೆಯ ಗೋಡೆಗೆಲ್ಲ ಕೇಳಿಸುವಷ್ಟು ದೊಡ್ಡದಾಗಿತ್ತು. "ನಮ್ಮಮ್ಮ ತಾನು ಮಾಡಿದ್ದನ್ನ ಪಕ್ಕಕ್ಕಿಟ್ಟು ಇದನ್ನ ಆರಿಸಿದ್ರು."